ಪೀಣ್ಯದ ಗ್ರ್ಯಾಂಡ್ ಪ್ರಿ

ಪೀಣ್ಯದಲ್ಲಿ ಲೇತ್ ಶೆಡ್ಡು. ಮಾಲೀಕರು ಮಾವ, ಬಂದವನು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಅಳಿಯ.

"ಮಾವ, ಈ ಪೆಡಲಿಗೆ 6 ಎಂಎಂ ಪ್ಲೇಟ್ ಹಾಕಿಕೊಡಿ. ಬ್ರೇಕ್ ಒತ್ತಿದ್ರೆ ಬಾಗ್ತಿದೆ."

"ಯಾವ ಕಾರಿಂದೋ?"

"ಕಾರಿಲ್ಲ. ಕಂಪ್ಯೂಟರಲ್ಲಿ ಫಾರ್ಮುಲಾ ರೇಸು. ಚಾಂಪಿಯನ್‌ಶಿಪ್ಪೇ ನಡೆಸ್ತಿದ್ದೀನಿ."

"ನೀನೂ ಓಡಿಸ್ತೀಯಾ?"

"ಎಲ್ಲಿ ಟೈಮು! ಯಾರು ಯಾರಿಗೆ ಗುದ್ದಿದ್ರು ಅಂತ ರಿಪ್ಲೇ ನೋಡಿ ಐದು ಸೆಕೆಂಡ್ ಪೆನಾಲ್ಟಿ ಹಾಕ್ಬೇಕು. ಅದಕ್ಕೆ ನಾಲ್ಕು ಪುಟ ಅಪೀಲು ಬರುತ್ತೆ."

"ಅಂದ್ರೆ ಟ್ರಾಫಿಕ್ ಪೊಲೀಸು. ಸಂಬಳ?"

"ಸರ್ವರ್ ಬಾಡಿಗೆ ನಂದೇ."

ಮಾವ ವರ್ನಿಯರ್ ಕೆಳಗಿಟ್ಟರು. (ಅಪೀಲಿಗೆ ಫೀಸಿಟ್ಟಿದ್ದರೆ ಬಾಡಿಗೆಯಾದರೂ ಹುಟ್ಟುತ್ತಿತ್ತು.)

"ನಗ್ಬೇಡಿ. 2020ರ ಮಾರ್ಚಲ್ಲಿ ಕೊರೊನಾ ಅಂತ ಅಸಲಿ ಫಾರ್ಮುಲಾ ಒನ್ನೇ ಬಹ್ರೇನ್ ರೇಸನ್ನ ಹಿಂಗೆ ನಡೆಸ್ತು. ಗೆದ್ದ ಝೌ ಗ್ವಾನ್ಯು 2022ರಲ್ಲಿ ನಿಜವಾದ ಫಾರ್ಮುಲಾ ಒನ್ ರೇಸಿಗೇ ಇಳಿದ."

"ನಮ್ಮಲ್ಲೂ ಟ್ರ್ಯಾಕ್ ಇತ್ತಲ್ಲೋ?"

"ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್. 2011ರಿಂದ 2013, ಮೂರೇ ರೇಸು. ಮೂರನ್ನೂ ವೆಟ್ಟೆಲ್ ಗೆದ್ದ. ಆಮೇಲೆ ತೆರಿಗೆ ಜಗಳ."

"ಸರಿ, ವೈಟ್‌ಫೀಲ್ಡಿಂದ ಇಲ್ಲಿಗೆ?"

"ಎರಡೂವರೆ ಗಂಟೆ, ಕಾರಲ್ಲಿ."

"ಮೆಜೆಸ್ಟಿಕ್ಕಲ್ಲಿ ಮೆಟ್ರೊ ಬದಲಾಯಿಸಿದ್ರೆ ನೇರ ಪೀಣ್ಯ. ಮನೇಲಿ ಕೂತು 300 ಸ್ಪೀಡು ಓಡೋ ಜನಕ್ಕೆ ಇದು ಗೊತ್ತಿಲ್ವಾ? ಪ್ಲೇಟು ಶನಿವಾರ ತಗೋ. ದುಡ್ಡು ಮಾತ್ರ ಕಂಪ್ಯೂಟರ್ ಆಟದ್ದು ಬೇಡ."