ಸಮವಸ್ತ್ರ ಕಳಚಿಟ್ಟ ಮೇಲಿನ ನಲವತ್ತು ವರ್ಷ

ಅಕ್ಕಾ, ಕುಕ್ಕರ್ ಇಳಿಸಿ ಬಂದ್ರಾ? ಹಾಗಾದ್ರೆ ಬೇಲಿ ಹತ್ರ ಬನ್ನಿ, ನೆರಳಿದೆ. ಕಾರ್ಯಪ್ಪನವರ ಬಗ್ಗೆ ಓದ್ತಾ ಓದ್ತಾ ರಾತ್ರಿ ನಿದ್ದೇನೇ ಬರ್ಲಿಲ್ಲ, ಯಾರ ಹತ್ರ ಆದ್ರೂ ಹೇಳ್ಕೋಬೇಕು ಅನ್ನಿಸ್ತಿದೆ.

‘ಯಾರು, ನಮ್ಮ ಕೊಡಗಿನ ಜನರಲ್ಲಾ? ಜನವರಿ ಹದಿನೈದು ಅಂದ್ರೆ ಅವರೇ ಅಲ್ವೇನಮ್ಮಾ?’ ಅಂತೀರಿ. ಹೌದು, ಅವರೇ. 1949ರ ಜನವರಿ 15ಕ್ಕೆ ಬ್ರಿಟಿಷ್ ಜನರಲ್ ರಾಯ್ ಬುಚರ್ ಕೈಯಿಂದ ಸೇನೆಯ ಹೊಣೆ ತಗೊಂಡ್ರಲ್ಲ, ಆ ದಿನವೇ ಸೇನಾ ದಿನ. ಅಷ್ಟನ್ನು ಶಾಲೆ ಮಕ್ಕಳೂ ಹೇಳ್ತವೆ. ನಾನು ಹೇಳ್ಬೇಕು ಅಂತಿರೋದು ಅದರ ಆಚೆಗಿನ ಮಾತು. ಅವರು ನಿವೃತ್ತರಾಗಿದ್ದು 1953ರ ಜನವರಿಯಲ್ಲಿ. ತೀರಿಕೊಂಡಿದ್ದು 1993ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿ ನೋಡಿ, ನಲವತ್ತು ವರ್ಷ! ಸಮವಸ್ತ್ರದಲ್ಲಿ ಕಳೆದದ್ದಕ್ಕಿಂತ ಹೆಚ್ಚು ಕಾಲ ಅದಿಲ್ಲದೆ ಬದುಕಿದ್ರು. ಆ ನಲವತ್ತು ವರ್ಷದ ದುಡಿಮೆ ಇದೆಯಲ್ಲ, ಅದನ್ನು ಯಾರೂ ಅಷ್ಟಾಗಿ ಆಡಿಕೊಳ್ಳೋದಿಲ್ಲ. ನನಗೆ ಅವರು ದೊಡ್ಡವರಾಗಿ ಕಾಣೋದು ಅಲ್ಲೇ.

ಮೊದಲು ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಹೋದ್ರು, 1956ರವರೆಗೆ. ಆಮೇಲೆ ಮಡಿಕೇರಿಯ ‘ರೋಷನಾರಾ’ ಮನೆ. ಅಷ್ಟೆಲ್ಲ ಆದ ಮನುಷ್ಯ ಮಂಜು ನೋಡ್ತಾ, ಕಾಫಿ ಕುಡೀತಾ ಕಾಲ ಕಳೆದಿದ್ರೆ ಬೇಡ ಅನ್ನೋರು ಯಾರು? ಕಳೀಲಿಲ್ಲ. ಮಾಜಿ ಸೈನಿಕರ ಕಷ್ಟ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಆ ಕಷ್ಟ ಎಂಥದ್ದು ಗೊತ್ತಾ ಅಕ್ಕಾ? ಬೇರೆ ನೌಕರಿಯಲ್ಲಿ ತಲೆ ನರೆತ ಮೇಲೆ ನಿವೃತ್ತಿ. ಜವಾನನಿಗೆ ಹಾಗಲ್ಲ, ಮೈಯಲ್ಲಿ ಕಸುವಿರುವಾಗಲೇ ಮನೆಗೆ ಕಳಿಸ್ತಾರೆ. ಮಕ್ಕಳು ಇನ್ನೂ ಸ್ಕೂಲು ಮುಗಿಸಿರಲ್ಲ, ತಂಗಿಯ ಮದುವೆ ಬಾಕಿ, ಊರಲ್ಲಿ ಜಮೀನು ಪಾಲಾಗಿರುತ್ತೆ. 15 ವರ್ಷದ ಸರ್ವೀಸ್ ತುಂಬಿರದಿದ್ರೆ ಪೆನ್ಷನ್ನೂ ಇಲ್ಲ. ಗಡಿಯಲ್ಲಿ ಎದೆಯೊಡ್ಡಿ ನಿಂತವನು ತಾಲ್ಲೂಕು ಕಚೇರಿ ಮುಂದೆ ಅರ್ಜಿ ಹಿಡ್ಕೊಂಡು ನಿಲ್ಲಬೇಕು. ಇಂಥವರಿಗೆ ಒಂದು ದನಿ ಬೇಕು ಅಂತಲೇ ಕಾರ್ಯಪ್ಪನವರು 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದ್ರು. ಆಗ ಅವರಿಗೆ ಅರವತ್ತೈದು.

ಕೊಡಗಿನಲ್ಲಿ ಒಂದೊಂದು ಒಕ್ಕಕ್ಕೂ ಒಬ್ಬ ಪಟ್ಟೆದಾರ ಇರ್ತಾನೆ, ಮನೆತನದ ಹಿರಿಯ. ಕೊಡಂದೇರ ಒಕ್ಕದಲ್ಲಿ ಹುಟ್ಟಿದ ಈ ಮನುಷ್ಯ ಇಡೀ ಸೇನೆಗೇ ಪಟ್ಟೆದಾರನ ಹಾಗೆ ನಡ್ಕೊಂಡ್ರು.

‘ಮಗನ ವಿಷಯದಲ್ಲೂ ಏನೋ ಆಗಿತ್ತಲ್ಲಮ್ಮಾ?’

ಅದನ್ನೇ ಹೇಳೋಕೆ ಬಂದೆ. 1965ರ ಯುದ್ಧ. ಮಗ ನಂದಾ ಕಾರ್ಯಪ್ಪ ವಾಯುಪಡೆಯ ಹಂಟರ್ ವಿಮಾನ ಹಾರಿಸ್ತಿದ್ರು. ಸೆಪ್ಟೆಂಬರ್ 22, ಇನ್ನೇನು ಕದನ ವಿರಾಮ ಅನ್ನುವಾಗ ವಿಮಾನ ಉರುಳ್ತು, ಹುಡುಗ ಸೆರೆಸಿಕ್ಕ. ಆಗ ಪಾಕಿಸ್ತಾನದ ಅಧ್ಯಕ್ಷ ಯಾರು? ಅಯೂಬ್ ಖಾನ್. ದೇಶ ಒಡೆಯುವ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಆ ಹಳೇ ಗೌರವಕ್ಕೆ, ನಿಮ್ಮ ಮಗನನ್ನು ಬಿಟ್ಟುಬಿಡ್ತೀವಿ ಅಂತ ಹೇಳಿ ಕಳಿಸಿದ್ರು. ಅಪ್ಪ ಒಪ್ಪಲಿಲ್ಲ. ಸೆರೆಯಲ್ಲಿರೋ ಅಷ್ಟೂ ಜನ ನನ್ನ ಮಕ್ಕಳೇ, ಅವರಿಗಿಲ್ಲದ ಉಪಚಾರ ಇವನಿಗೂ ಬೇಡ ಅನ್ನೋ ಅರ್ಥದ ಉತ್ತರ ಕೊಟ್ರು. ನಾನೂ ಮಗನ್ನ ಹೆತ್ತವಳು ಅಕ್ಕಾ. ಆ ಉತ್ತರ ಕೊಡೋಕೆ ಮುಂಚೆ ಆ ಜೀವ ಎಷ್ಟು ಬೆಂದಿರಬೇಕು ಅಂತ ಯೋಚಿಸಿದ್ರೆ ಹೊಟ್ಟೆ ಹಿಂಡಿದ ಹಾಗಾಗುತ್ತೆ. ಮಗ ಉಳಿದ ಕೈದಿಗಳ ಹಾಗೇ ಕಾದು, 1966ರಲ್ಲಿ ಬಿಡುಗಡೆಯಾಗಿ ಬಂದ್ರು. ಮುಂದೆ ಏರ್ ಮಾರ್ಷಲ್ ಆದ್ರು. ಅಪ್ಪನ ಜೀವನಚರಿತ್ರೆ ಬರೆದದ್ದೂ ಅವರೇ.

ಸರ್ಕಾರ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿದ್ದು 1986ರಲ್ಲಿ, ಹುಟ್ಟಿದ್ದು 1899ರಲ್ಲಿ. ಎಂಬತ್ತೇಳರ ವಯಸ್ಸಿಗೆ ಬಂದ ಗೌರವ ಅದು. ಅದು ಬರಲಿ ಅಂತ ಅವರೇನೂ ಕಾದು ಕೂತಿರಲಿಲ್ಲ, ಅಷ್ಟರೊಳಗೆ ಮಾಡಬೇಕಾದ್ದನ್ನೆಲ್ಲ ಮಾಡಿ ಆಗಿತ್ತು.

‘ನಮ್ಮ ಮಾವನವರೂ ಹವಾಲ್ದಾರ್ ಆಗಿದ್ದೋರೇ ಕಣಮ್ಮ’ ಅಂತ ನೀವು ಈಗ ಹೇಳಿದ್ರಿ ನೋಡಿ, ಇಷ್ಟು ವರ್ಷ ಅಕ್ಕಪಕ್ಕ ಇದ್ದೂ ನನಗೆ ಗೊತ್ತೇ ಇರ್ಲಿಲ್ಲ. ಪಟ್ಟಾಳಂ ಬಿಟ್ಟು ಬಂದು, ಬೀಳುಬಿದ್ದ ಹೊಲ ಉತ್ತು, ಬಾವಿ ತೋಡಿಸಿ, ಇಬ್ಬರು ತಮ್ಮಂದಿರನ್ನು ಓದಿಸಿದ್ರು ಅಂದ್ರಲ್ಲ, ಅದೇನು ಸಣ್ಣ ಕೆಲಸವಾ? ಯುದ್ಧದ ಲೆಕ್ಕ ಸರ್ಕಾರದ ಹತ್ರ ಇದೆ. ಬಾವಿ ಲೆಕ್ಕ, ಸ್ಕೂಲ್ ಫೀಸಿನ ಲೆಕ್ಕ ಮನೆಯವರು ಇಡದಿದ್ರೆ ಇನ್ಯಾರು ಇಡ್ತಾರೆ? ಕಾರ್ಯಪ್ಪನವರ ಕಥೆ ಬರೆಯೋಕೆ ಮಗ ಇದ್ರು. ನಿಮ್ಮ ಮಾವನವರದ್ದನ್ನು ನೀವು ಬರೆಸಬೇಕು. ಅವರ ಡಿಸ್ಚಾರ್ಜ್ ಬುಕ್ಕು, ಮೆಡಲ್ಲು ಟ್ರಂಕಿನಲ್ಲಿರುತ್ತೆ, ಹುಡುಕಿ ತೆಗೀರಿ. ಓದಿಸಿಕೊಂಡ ತಮ್ಮಂದಿರಲ್ಲಿ ಒಬ್ಬರು ಇನ್ನೂ ಇದ್ದಾರೆ ಅಂದ್ರಲ್ಲ, ಅವರಿಗೆ ಫೋನ್ ಮಾಡಿ ಭಾನುವಾರ ಊಟಕ್ಕೆ ಕರೀರಿ. ಪಾಯಸ ನಾನು ಮಾಡ್ಕೊಂಡು ಬರ್ತೀನಿ, ಅವರು ಹೇಳಿದ್ದನ್ನೆಲ್ಲ ನನ್ನ ಮಗಳು ಬರ್ಕೊಳ್ತಾಳೆ.