ಲಿವರ್ ಎಳೆಯುವ ಸುಖ

ಬೆಂಗಳೂರಿನ ಕೆಂಗೇರಿ ದಾಟಿದರೆ ಬಿಡದಿಯ ವಂಡರ್‌ಲಾ 2005ರಿಂದಲೂ ಇದೆ, ಬೇರೆ ವಿಚಿತ್ರ ಪಾರ್ಕು ಯಾಕೆ ಎನ್ನುವವರಿದ್ದಾರೆ. ಆದರೆ ತಲೆಕೆಳಗಾಗಿ ತೂಗುವುದು, ಕೃತಕ ಅಲೆಯಲ್ಲಿ ನೆನೆಯುವುದು ಯಾವ ದೇಶಕ್ಕೆ ಹೋದರೂ ಒಂದೇ. ಅದೇ ಬಿಡದಿಯ ಇನ್ನೋವೇಟಿವ್ ಫಿಲ್ಮ್ ಸಿಟಿಯಲ್ಲಿ ಡೈನೋಸಾರು, ದೆವ್ವದ ಮನೆ, ಮೇಣದ ಬೊಂಬೆ ಎಲ್ಲವೂ ಒಂದೇ ಆವರಣದಲ್ಲಿದ್ದವು. ತರ್ಕವಿಲ್ಲ ಎಂದು ಮೂಗು ಮುರಿಯಬಹುದು. ಜಾತ್ರೆಯಲ್ಲಿ ತರ್ಕ ಹುಡುಕುವವರು ಬೆಂಡು ಬತ್ತಾಸೂ ತಿನ್ನಬಾರದು. ವಿಚಿತ್ರ ಪಾರ್ಕು ಎಂದರೆ ನಮ್ಮ ಗುಟ್ಟಿನ ಆಸೆಗೆ ಗೇಟು ಹಾಕಿ ಟಿಕೆಟ್ ಹರಿಯುವ ಜಾಗ, ಅಷ್ಟೇ.

ಪುರಾವೆ ಬೇಕೆ? ಇಂಗ್ಲೆಂಡಿನ ಡಿಗ್ಗರ್‌ಲ್ಯಾಂಡ್ ಪಾರ್ಕಿನಲ್ಲಿ ಜನ ದುಡ್ಡು ಕೊಟ್ಟು ಮಣ್ಣು ಬಗೆಯುವ ಯಂತ್ರ ಓಡಿಸುತ್ತಾರೆ. ನಗುವ ಹಕ್ಕು ನಮಗಿಲ್ಲ. ವಿಜಯನಗರದಲ್ಲಿ ಚರಂಡಿ ಅಗೆಯಲಿ, ಹಾಲು ತರಲು ಹೊರಟವರೂ ಕೈಕಟ್ಟಿ ನಿಲ್ಲುತ್ತಾರೆ. 2019ರಲ್ಲಿ ಜೆಸಿಬಿ ನೋಡುವ ಗುಂಪುಗಳ ವಿಡಿಯೊಗಳು ದೇಶವನ್ನೇ ನಗಿಸಿದ್ದವು. ಪುಕ್ಕಟೆ ಸಿಗುವುದಕ್ಕೆ ಟಿಕೆಟ್ ಏಕೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಬೀದಿಯಲ್ಲಿ ನೋಡಲಷ್ಟೇ ಬಿಡುತ್ತಾರೆ, ಲಿವರ್ ಎಳೆಯಲು ಬಿಡುವುದಿಲ್ಲ. ಮಕ್ಕಳಾಟ ಎನ್ನುವವರಿಗೊಂದು ಮಾತು: ಬಸವೇಶ್ವರನಗರದಲ್ಲಿ ಅಂಥದೊಂದು ಪಾರ್ಕು ತೆರೆದರೆ, ಬೆಳಿಗ್ಗೆ ಐದಕ್ಕೇ ಸ್ವೆಟರ್ ತೊಟ್ಟು ಸಾಲು ನಿಲ್ಲುವವರು ನಿವೃತ್ತರೇ.