ಕುರ್ಯಭಾವ ಮೀಮಾಂಸೆ

ಶೀರ್ಷಿಕೆ ಅರಿಸಮಾಸವೆಂದು ವೈಯಾಕರಣರು ಹುಬ್ಬು ಗಂಟಿಕ್ಕುವ ಮೊದಲೇ ತಪ್ಪೊಪ್ಪಿಕೊಂಡಿದ್ದೇನೆ. ಆದರೆ ವಿಷಯ ಗಹನವಾದದ್ದು. ಜರ್ಮನಿಯ ಫ್ರಾಂಜ್ ಫಾನ್ ಲೆನ್‌ಬಾಖ್ 1860ರಲ್ಲಿ ಬರೆದ 'ಕುರಿಗಾಹಿ ಹುಡುಗ' ಎಂಬ ತೈಲಚಿತ್ರ ಮ್ಯೂನಿಕ್‌ನ ಷಾಕ್ ಸಂಗ್ರಹದಲ್ಲಿದೆ. ಅಗಲ ಒಂದೂವರೆ ಮೀಟರಿಗೂ ತುಸು ಹೆಚ್ಚು. ಅಷ್ಟಗಲಕ್ಕೂ ಹುಲ್ಲಿದೆ, ಹೂವಿದೆ, ಆಕಾಶವಂತೂ ಧಾರಾಳವಾಗಿದೆ, ಹುಡುಗ ಅಂಗಾತ ಮಲಗಿದ್ದಾನೆ. ಕುರಿ ಮಾತ್ರ ಇಲ್ಲ. ಭೂತಗನ್ನಡಿ ಹಿಡಿದು ಮೂರು ದಿನ ಹುಡುಕಿದೆ. ಬೆಳ್ಳಗೆ ಏನೋ ಕಂಡಿತು, ನೋಡಿದರೆ ಅವನ ಅಂಗಿ.

ಭಾಟ್ಟ ಮೀಮಾಂಸಕರಿಗೆ ಕಾಣದಿರುವುದೂ ಒಂದು ಪ್ರಮಾಣ. ಅದರ ಹೆಸರು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಇದನ್ನು ನೆಚ್ಚಿಕೊಂಡರೆ ಪ್ರಬಂಧ ಇಲ್ಲಿಗೇ ಮುಗಿದು, ಸಂಭಾವನೆಗೂ ಕತ್ತರಿ ಬೀಳುತ್ತದೆ. ಆದ್ದರಿಂದ ಅರ್ಥಾಪತ್ತಿಗೆ ಶರಣು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಹಾಗೆಯೇ ಕುರಿ ಕಾಯಬೇಕಾದ ಹುಡುಗ ನಿಶ್ಚಿಂತೆಯಾಗಿ ಮಲಗಿದ್ದಾನೆ, ಅಂದಮೇಲೆ ಕುರಿಗಳು ಚೌಕಟ್ಟಿನಾಚೆ ಮೇಯುತ್ತಿವೆ. ಯಾರ ಹೊಲದಲ್ಲಿ ಎಂಬ ಪ್ರಶ್ನೆ ಕಲಾವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಪಾದಗಳು. ಬರಿಗಾಲು, ಕೊಳೆ ಹಿಡಿದಿದೆ. ಷ್ರೋಬೆನ್‌ಹೌಸೆನ್ ಎಂಬ ಊರಿನ ಗಾರೆ ಮೇಸ್ತ್ರಿಯ ಮಗನಾದ ಲೆನ್‌ಬಾಖ್‌ಗೆ ಮಣ್ಣುಗಾಲು ಹೊಸದಲ್ಲ, ಕಂಡದ್ದನ್ನು ಕಂಡಂತೆ ಬಳಿದಿರಬಹುದು. ಅಷ್ಟಕ್ಕೇ ಬಿಟ್ಟರೆ ನಮ್ಮಂಥವರು ಬದುಕುವುದು ಹೇಗೆ? ಆ ಕೊಳೆಯಿಂದ ಪೃಥ್ವೀತತ್ತ್ವವನ್ನು ಹದಿನಾರು ಪುಟಗಳಷ್ಟು ಕೆರೆದು ತೆಗೆದಿದ್ದೇನೆ. ಕಣ್ಣಿಗೆ ಅಡ್ಡ ಹಿಡಿದ ಕೈ ಮಾಯೆಯ ಆವರಣಶಕ್ತಿ. "ಬಿಸಿಲು ಕಣ್ಣಿಗೆ ಹೊಡೀತಿದೆ ಕಣ್ರೀ, ಅದಕ್ಕೆ ಕೈ ಅಡ್ಡ ಇಟ್ಕೊಂಡಿದ್ದಾನೆ" ಎಂಬ ನನ್ನ ಹೆಂಡತಿಯ ಮತವನ್ನು ಪೂರ್ವಪಕ್ಷವಾಗಿ ದಾಖಲಿಸಿದ್ದೇನೆ. ಖಂಡನೆ ಇನ್ನೂ ಹೊಳೆದಿಲ್ಲ.

ರಾಜಕೀಯ ವ್ಯಾಖ್ಯಾನವೂ ಉಂಟು. ಇದೇ ಚಿತ್ರಕಾರ ಮುಂದೆ ಬಿಸ್ಮಾರ್ಕ್‌ನ ಭಾವಚಿತ್ರಗಳನ್ನು ಒಂದಲ್ಲ ಎರಡಲ್ಲ, ಸುಮಾರು 80 ಬರೆದ. ಹುಡುಗ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಚದುರಿಹೋದ ಮಂದೆಯನ್ನೆಲ್ಲ ಆ ದೊಡ್ಡ ಕುರಿಗಾಹಿ 1871ರಲ್ಲಿ ಒಂದೇ ದೊಡ್ಡಿಗೆ ಹೊಡೆದು ಜರ್ಮನ್ ಸಾಮ್ರಾಜ್ಯವೆಂದು ಬೋರ್ಡು ಹಾಕಿದ. ಕುರಿಗಳು ಎಲ್ಲಿ ಹೋದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟೆಲ್ಲ ಅಚ್ಚಿಗೆ ಹೋದ ಮೇಲೆ ಜರ್ಮನ್ ಬಲ್ಲ ಗೆಳೆಯರೊಬ್ಬರು ಮೂಲ ಶೀರ್ಷಿಕೆ ಓದಿ ಹೇಳಿದರು: 'ಹಿರ್ಟೆನ್‌ಕ್ನಾಬೆ'. ಹಿರ್ಟೆ ಎಂದರೆ ಮಂದೆ ಕಾಯುವವನು. ಅದು ಕುರಿಯೇ ಆಗಬೇಕೆಂದಿಲ್ಲ, ದನವೂ ಆದೀತು. ಕುರಿಯೇ ಬೇಕೆಂದರೆ 'ಷೇಫರ್' ಎಂಬ ಬೇರೆ ಪದವಿದೆಯಂತೆ.

ಹಾಗಾಗಿ ಎರಡನೆಯ ಸಂಪುಟ 'ದನಾಭಾವ ಮೀಮಾಂಸೆ' ಸಿದ್ಧವಾಗುತ್ತಿದೆ. ಕರಡು ತಿದ್ದುವವರು 'ದ'ಕಾರದ ಹೊಟ್ಟೆ ಸೀಳಿ ಕಳಿಸಿದ್ದಾರೆ. ಮೊದಲ ಸಂಪುಟದ ಮಾರಾಟದ ಲೆಕ್ಕ ನೋಡಿ ಹಾಗೆಯೇ ಬಿಟ್ಟಿದ್ದೇನೆ.